ಮಕ್ಕಳ ಕೈಗೆ ಯಾವ ಪುಸ್ತಕ?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಇವತ್ತೂ ಕೊಳೆರೋಗದ ವಿಷಯವನ್ನೇ ಮಾತಾಡುವೆನೆಂದು ಎಣಿಸಿ ನೀವು ಬಂದಿರಬಹುದು. ಆ ಮಾತನ್ನು ಹಿಂದಿನ ಸಭೆಯಲ್ಲಿ ಮುಗಿಸಿದ್ದೇನೆ. ಇವತ್ತಿನದು ಮಕ್ಕಳ ಪುಸ್ತಕಗಳ ಮಾತು. ಕೃಷಿ ಡಿಪ್ಲೊಮಾ ಓದಿ ಊರೂರು ತಿರುಗುವ ಗ್ರಾಮಸೇವಕನಿಗೆ ಕತೆಪುಸ್ತಕದ ಉಸಾಬರಿ ಏಕೆ ಎಂದು ನೀವು ಕೇಳಿದರೆ, ನಡೆದ ಒಂದು ಸಂಗತಿಯನ್ನು ಹೇಳಬೇಕಾಗುತ್ತದೆ.

ಕಳೆದ ಮಳೆಗಾಲಕ್ಕೆ ಮೊದಲು ಬೆಳ್ತಂಗಡಿ ಕಡೆಯ ಒಂದು ಮನೆಯ ಅಂಗಳದಲ್ಲಿ ಬೋರ್ಡೋ ದ್ರಾವಣ ಮಾಡಿ ತೋರಿಸುತ್ತಿದ್ದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇದು ನಿಮಗೆಲ್ಲ ಬಾಯಿಪಾಠ. ಆ ಮನೆಯ ಹುಡುಗ ಒಂಬತ್ತನೇ ತರಗತಿ, ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆಯುವವನು. ಕನ್ನಡದ ಕರಪತ್ರವೊಂದನ್ನು ಅವನ ಕೈಗೆ ಕೊಟ್ಟು, "ಓದಿ ಹೇಳು ಮಗಾ" ಎಂದೆ. ಎಲ್ಲೂ ತಡೆಯದೆ ಗಟ್ಟಿಯಾಗಿ ಓದಿದ. "ಹಾಗಾದರೆ ಯಾವ ನೀರನ್ನು ಯಾವುದಕ್ಕೆ ಹೊಯ್ಯಬೇಕು?" ಎಂದು ಕೇಳಿದೆ. ಹುಡುಗ ನನ್ನ ಮುಖ ನೋಡಿದ, ಮತ್ತೆ ಕಾಗದ ನೋಡಿದ, ಸುಮ್ಮನಾದ. ಅಕ್ಷರ ಕಲಿಯದ ಅವನ ತಂದೆ ಆಚೆಯಿಂದ, "ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು, ಕದಡುತ್ತಾ ಇರಬೇಕು" ಎಂದರು.

ಓದಿದವನಿಗೆ ತಿಳಿಯಲಿಲ್ಲ, ಕೇಳಿದವರಿಗೆ ತಿಳಿಯಿತು. ತಪ್ಪು ಹುಡುಗನದಲ್ಲ. ಪಾಠಪುಸ್ತಕವಲ್ಲದೆ ಬೇರೊಂದು ಪುಸ್ತಕವನ್ನು ಆ ಮನೆಯಲ್ಲಿ ಅವನು ಕಂಡಿರಲಿಲ್ಲ. ಓದುವುದೆಂದರೆ ಒಪ್ಪಿಸುವುದು ಎಂದೇ ತಿಳಿದಿದ್ದ. ಮುಂದೆ ಏನಾಯಿತು ಎಂಬ ಆಸೆಯಿಂದ ಪುಟ ತಿರುಗಿಸಿದ ಮಗು ಮಾತ್ರ ಅಕ್ಷರದ ಹಿಂದಿನ ಅರ್ಥಕ್ಕೆ ಕೈಹಾಕುತ್ತದೆ. ಆ ಆಸೆಯನ್ನು ಹುಟ್ಟಿಸುವುದು ಕತೆಪುಸ್ತಕ.

ಆದರೆ ಯಾವ ಪುಸ್ತಕ? ಬೆಟ್ಟು, ಮಜಲು, ಬೈಲು ಎಂದು ನಮ್ಮ ಹಿರಿಯರು ಗದ್ದೆಗಳನ್ನು ವಿಂಗಡಿಸಿ, ಆಯಾ ಗದ್ದೆಗೆ ಆಯಾ ಬೀಜ ಹಾಕಿದರು. ಬೈಲಿನ ಬೀಜವನ್ನು ಬೆಟ್ಟಿಗೆ ಹಾಕಿ, ಬೆಳೆ ಬರಲಿಲ್ಲವೆಂದು ಗದ್ದೆಯನ್ನು ಬೈದವರನ್ನು ನಾನು ಕಂಡಿಲ್ಲ. ಆರು ವರ್ಷದ ಮಗುವಿಗೆ ದಪ್ಪ ನೀತಿಪುಸ್ತಕ ತಂದುಕೊಟ್ಟು, "ಇವನಿಗೆ ಓದಿನಲ್ಲಿ ಮನಸ್ಸಿಲ್ಲ" ಎನ್ನುವವರನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಚಿಕ್ಕವರಿಗೆ ಪಂಜೆ ಮಂಗೇಶರಾಯರಿಂದಲೇ ಆರಂಭಿಸಿರಿ. ಅವರು ನಮ್ಮ ಬಂಟ್ವಾಳದವರು, 1874ರಲ್ಲಿ ಇಲ್ಲೇ ಹುಟ್ಟಿದವರು. ಮನೆಮಾತು ಕೊಂಕಣಿ. ಮೇಷ್ಟರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ ತಿರುಗಿ, ಕನ್ನಡದ ಮಕ್ಕಳಿಗೆ ಓದಲು ತಕ್ಕದ್ದು ಇಲ್ಲವೆಂದು ಕಂಡು ತಾವೇ ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು. 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಅವರ ಕತೆಯನ್ನು ಒಮ್ಮೆ ಮಗುವಿಗೆ ಓದಿ ನೋಡಿ. ಪ್ರಶ್ನೆಯ ಬಾಲಕ್ಕೆ ಪ್ರಶ್ನೆ ಕಟ್ಟಿಕೊಂಡು ಹೋಗುವ ಕತೆ ಅದು. ಎರಡನೇ ಸಲಕ್ಕೆ ಮಗುವೇ ನಿಮಗೆ ಹೇಳಿಕೊಡುತ್ತದೆ. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು, ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದೇ ವಯಸ್ಸಿನವು. ಇವುಗಳನ್ನು ಮೌನವಾಗಿ ಓದಬಾರದು, ಹಾಡಬೇಕು.

ನಮ್ಮ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುತ್ತೇವೆ. ಎಷ್ಟೋ ಮಕ್ಕಳು ಕನ್ನಡವನ್ನು ಶಾಲೆಗೆ ಹೋದ ಮೇಲೆಯೇ ಕಲಿಯುತ್ತಾರೆ. ಅದರಿಂದ ಅಂಜಬೇಕಾಗಿಲ್ಲ. ಕನ್ನಡದ ಪುಟವನ್ನು ಎದುರಿಗಿಟ್ಟುಕೊಂಡು ಕತೆಯನ್ನು ತುಳುವಿನಲ್ಲೇ ಹೇಳಿ. ಚಿತ್ರ ತೋರಿಸಿ. ಅಕ್ಷರ ತಾನಾಗಿ ಹಿಂದಿನಿಂದ ಬರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ತೆಳುವಾದ ಚಿತ್ರಪುಸ್ತಕಗಳು ಇದಕ್ಕೆ ಒಳ್ಳೆಯವು. ಅವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ತಾಣದಲ್ಲಿ ಕನ್ನಡದ ಕತೆಗಳನ್ನು ಮೊಬೈಲಿನಲ್ಲೇ ಹಣವಿಲ್ಲದೆ ಓದಬಹುದು. ಹೇಗೂ ಮಗು ಮೊಬೈಲು ಕೇಳುತ್ತದಲ್ಲ!

ಎಂಟು, ಒಂಬತ್ತು ವರ್ಷವಾಗಿ ತಾನೇ ಓದತೊಡಗಿದ ಮಗುವಿಗೆ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ತನ್ನಿ. ಬರೆದವರು ವೃತ್ತಿಯಲ್ಲಿ ವೈದ್ಯೆ. ದಿನಕ್ಕೆ ಒಂದರಂತೆ ವರ್ಷವಿಡೀ ಓದುವಷ್ಟು ಕತೆಗಳು, ತಿಂಗಳಿಗೊಂದರಂತೆ 12 ಸಂಪುಟ. ಒಟ್ಟಿಗೆ ಕೊಳ್ಳಬೇಕೆಂದಿಲ್ಲ, ಒಂದು ತಂದರೆ ತಿಂಗಳು ಕಳೆಯುತ್ತದೆ.

ತಾಯಂದಿರಿಗೆ ಒಂದು ಮಾತು. ಸಂಜೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವಾಗ ಕೈಗೆ ಕೆಲಸವಿದೆ, ಕಿವಿಗೆ ಇಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿ ಕತೆ ಓದಿಸಿ. ಕಣ್ಣೂರಿನ ಬೀಡಿ ಕಾರ್ಮಿಕರು ಒಬ್ಬರಿಂದ ಪತ್ರಿಕೆ ಓದಿಸಿ ಉಳಿದವರು ಕೇಳುತ್ತಾ ಬೀಡಿ ಕಟ್ಟುತ್ತಿದ್ದರು. ದೂರದ ಕ್ಯೂಬಾ ದೇಶದ ಚುರುಟಿನ ಕಾರ್ಖಾನೆಗಳಲ್ಲಿ 1865ರಿಂದಲೇ ಈ ಪದ್ಧತಿ ಇತ್ತು. ಓದಿದವನ ಕೂಲಿಯನ್ನು ಕೇಳಿದವರೇ ಕೂಡಿಸಿ ಕೊಡುತ್ತಿದ್ದರಂತೆ. ನಿಮ್ಮ ಮಗುವಿಗೆ ಕೂಲಿ ಬೇಡ, ನಡುವೆ "ಆಮೇಲೆ?" ಎಂದು ಒಂದು ಸಲ ಕೇಳಿದರೆ ಸಾಕು. ಆದರೆ ಓದುವವನು ಯಾವಾಗಲೂ ಗಂಡುಮಗುವೇ, ಎಲೆ ಕತ್ತರಿಸುವವಳು ಯಾವಾಗಲೂ ಹೆಣ್ಣುಮಗುವೇ ಆಗುವುದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. ಅದನ್ನು ಬದಲಾಯಿಸಿ.

ಹತ್ತು, ಹನ್ನೆರಡು ದಾಟಿದ ಮೇಲೆ ವಯಸ್ಸಿಗಿಂತ ಮಗುವಿನ ಒಲವನ್ನು ನೋಡಬೇಕು. ಹಕ್ಕಿ, ಹಲ್ಲಿಗಳ ಹಿಂದೆ ಅಲೆದು ಬೈಗುಳ ತಿನ್ನುವ ಹುಡುಗನಿಗೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಕೊಡಿ. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯಲ್ಲಿ ಅವರು ತೋಟ ಮಾಡಿಕೊಂಡಿದ್ದರು, 2007ರಲ್ಲಿ ತೀರಿಕೊಂಡರು. ಸ್ವಲ್ಪ ದೊಡ್ಡವರಾದರೆ 1980ರ 'ಕರ್ವಾಲೊ'. ಅದರಲ್ಲಿ ಜೇನಿನ ಸೊಸೈಟಿ ಇದೆ, ಕೃಷಿ ವಿಜ್ಞಾನಿ ಇದ್ದಾರೆ, ಹಾರುವ ಓತಿಯ ಹುಡುಕಾಟವಿದೆ. ಆ ಓತಿ ನಮ್ಮ ಅಡಿಕೆ ತೋಟಗಳಲ್ಲೂ ಮರದಿಂದ ಮರಕ್ಕೆ ತೇಲುತ್ತದೆ; ಓದಿದ ಹುಡುಗ ಮರುದಿನವೇ ತೋಟಕ್ಕೆ ಓಡುತ್ತಾನೆ. ನಿಮಗೂ ಅಷ್ಟೇ ಬೇಕಾಗಿರುವುದಲ್ಲವೇ?

ಎಲ್ಲದಕ್ಕೂ "ಯಾಕೆ" ಎನ್ನುವ ಹುಡುಗಿಗೆ, ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ 'ಬಾಲಪ್ರಪಂಚ' ಇದೆ, ಮೂರು ಸಂಪುಟ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969ಕ್ಕಿಂತ ಬಹಳ ಹಿಂದಿನ ಬರಹವಾದ್ದರಿಂದ ಕೆಲವು ಸಂಗತಿ ಹಳತಾಗಿವೆ. ಅದನ್ನು ಹೇಳಿಯೇ ಕೊಡಿ. ಹಳತಾದದ್ದು ಯಾವುದು ಎಂದು ಅವಳೇ ಹುಡುಕಲಿ. ದೊಡ್ಡವರ ಚರಿತ್ರೆ ಮೆಚ್ಚುವವರಿಗೆ ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯ ಬಾಲ್ಯದಿಂದ ಹಿಡಿದು ಹೇಳಿದ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ' ತಕ್ಕದ್ದು. ಅವರೂ ಪುತ್ತೂರಿನ ಕಡೆಯವರು.

ಇಷ್ಟರಲ್ಲಿ ಒಂದನ್ನು ಮಾತ್ರ ಕೊಳ್ಳುವೆನೆಂದರೆ ನಾನು ಹೇಳುವುದು 'ತೊತ್ತೊಚಾನ್'. ಜಪಾನಿನ ಒಬ್ಬ ಹುಡುಗಿಯ ಶಾಲೆಯ ನೆನಪುಗಳು, ಕನ್ನಡಕ್ಕೆ ತಂದವರು ವಿ. ಗಾಯತ್ರಿ. ಅದರಲ್ಲಿ ಆ ಶಾಲೆಯ ಹೆಡ್‌ಮಾಸ್ತರರು ಒಬ್ಬ ಸಾಧಾರಣ ರೈತನನ್ನು ಕರೆತಂದು, ಇವರು ನಿಮ್ಮ ಬೇಸಾಯದ ಮೇಷ್ಟರು ಎಂದು ಮಕ್ಕಳಿಗೆ ಪರಿಚಯಿಸುತ್ತಾರೆ. ಮಕ್ಕಳು ಅವನ ಹಿಂದೆ ಹೊಲಕ್ಕಿಳಿದು ಬಿತ್ತುತ್ತಾರೆ. ತುತ್ತಿನ ನೀರಿನ ಲೆಕ್ಕ ಬಲ್ಲ ಆ ತಂದೆಯ ನೆನಪು ನನಗೆ ಬಂದದ್ದು ಈ ಪುಟ ಓದುವಾಗ.

ಮಗು ಓದಿ ಮುಗಿಸಿದೊಡನೆ "ಇದರ ನೀತಿ ಏನು?" ಎಂದು ಮಾತ್ರ ಕೇಳಬೇಡಿ. ಅದು ಮತ್ತೆ ಪರೀಕ್ಷೆಯಾಯಿತು.

ಹಣದ ಮಾತು. ಇವುಗಳಲ್ಲಿ ಹಲವು ನಿಮ್ಮ ಪಂಚಾಯತಿನ ಗ್ರಂಥಾಲಯದಲ್ಲಿ ಸಿಗಬಹುದು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾದಾಗಲೇ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವೆಂದು ಸರಕಾರ ಮಾಡಿದೆ. ಒಂದು ಊರಿನಲ್ಲಿ ಮಕ್ಕಳ ಪುಸ್ತಕಗಳು ಹೊಸದಾಗಿಯೇ ಕಪಾಟಿನೊಳಗೆ ಬೀಗದಲ್ಲಿದ್ದವು. ಕೇಳಿದರೆ, "ಮಕ್ಕಳು ಹರಿಯುತ್ತಾರೆ" ಎಂದರು. ಮೂಡಬಿದಿರೆಯ ಬಸದಿಯಲ್ಲಿ ಧವಲ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾದಿಟ್ಟರು; ಬೇರೆಲ್ಲೂ ಉಳಿಯದ ಪ್ರತಿಗಳವು, ಕಾದದ್ದು ಸರಿ. ಮಕ್ಕಳ ಪುಸ್ತಕ ಹಾಗಲ್ಲ. ಅದು ಹರಿದರೆ ಅಂಟು ಹಾಕಿ ಮತ್ತೆ ಕೊಡುವುದು, ತೀರಾ ಹರಿದರೆ ಹೊಸತು ತರಿಸುವುದು. ನಿಮ್ಮ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜತೆಗೆ ಇದನ್ನೂ ಕೇಳಿರಿ. ಬೇಕಾದ ಪುಸ್ತಕಗಳ ಹೆಸರು ಬರೆದುಕೊಟ್ಟೇ ಕೇಳಿರಿ.

ಮುಂದಿನ ಸಭೆಗೆ ನಾನು ಮಣ್ಣು ಪರೀಕ್ಷೆಯ ಚೀಲಗಳ ಜತೆ ಹತ್ತು ಪುಸ್ತಕ ತರುತ್ತೇನೆ. ಮಕ್ಕಳನ್ನು ಕರೆತನ್ನಿ. ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ, ಒಂದು ತಿಂಗಳು ಇಟ್ಟುಕೊಳ್ಳಲಿ. ಮಣ್ಣಿನ ಮಾದರಿಯನ್ನು ತೋಟದ ಎಂಟು ಹತ್ತು ಕಡೆಯಿಂದ ತೆಗೆದು ಬೆರೆಸಿ ತರಬೇಕು, ಅದನ್ನೂ ಮರೆಯಬೇಡಿ.