ತೊಗರಿ ಹೂವಿನೊಳಗಿನ ಬಾಗಿಲುಗಳು



ಆಳಂದದ ಕಪ್ಪು ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಡುವ ದಿನಗಳನ್ನು ನೆನೆಯಿರಿ. ಅರಳಿದ ಹೂಗಳಲ್ಲಿ ಬಹುಪಾಲು ಉದುರಿಹೋಗುತ್ತವೆ. ಕಾಯಿ ಕಟ್ಟುವ ಹೂವಿನೊಳಗೆ ನಡೆಯುವುದೇನು? ನಮ್ಮ ಕ್ಯಾಮೆರಾ ಎಷ್ಟು ಹತ್ತಿರ ಹೋದರೂ ಕಾಣದ ಸಂಗತಿ ಅದು.

ಶಲಾಕಾಗ್ರದ ಮೇಲೆ ಬಿದ್ದ ಪರಾಗದಿಂದ ನಳಿಕೆಯೊಂದು ಹೊರಟು ಅಂಡಾಶಯದತ್ತ ಬೆಳೆಯುತ್ತದೆ. ಅದರ ತುದಿಯ ಪೊರೆಯಲ್ಲಿ ಪ್ರೋಟೀನಿನಿಂದಾದ ಅತಿಸೂಕ್ಷ್ಮ ಬಾಗಿಲುಗಳಿವೆ. ಇವೇ ಅಯಾನು ನಾಲೆಗಳು. ಜೀವಕೋಶದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಅಯಾನುಗಳು ಸುಮಾರು 10,000 ಪಟ್ಟು ಹೆಚ್ಚು. ಬಾಗಿಲು ತೆರೆದೊಡನೆ ಅವು ಒಳನುಗ್ಗುತ್ತವೆ. ಹೊಸ ಗೋಡೆಯ ಸಾಮಗ್ರಿ ತುದಿಗೆ ಸೇರುತ್ತದೆ. ಹೆಚ್ಚಾದುದನ್ನು ಬೇರೆ ಪ್ರೋಟೀನುಗಳು ಪಂಪಿನಂತೆ ಹೊರಹಾಕುತ್ತವೆ. ಬಾಗಿಲು ಮುಚ್ಚಿಯೇ ಇದ್ದರೆ ನಳಿಕೆಯ ಬೆಳವಣಿಗೆ ನಿಲ್ಲುತ್ತದೆ; ಕ್ಯಾಲ್ಸಿಯಂ ಮಿತಿಮೀರಿದರೂ ನಿಲ್ಲುತ್ತದೆ.

ನಮ್ಮ ಹೃದಯದ ಮಿಡಿತಕ್ಕೂ ಇಂತಹ ಬಾಗಿಲುಗಳೇ ಬೇಕು. 1976ರಲ್ಲಿ ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಕಪ್ಪೆಯ ಸ್ನಾಯುವಿನಲ್ಲಿ ಒಂದೊಂದೇ ನಾಲೆಯ ವಿದ್ಯುತ್ತನ್ನು ಅಳೆದು ತೋರಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಹೊಲದ ಮಣ್ಣಿನಲ್ಲಿ ಸುಣ್ಣದ ಅಂಶ ಎಷ್ಟೇ ಇರಲಿ, ಜೀವಕೋಶ ತನಗೆ ಬೇಕಾದಷ್ಟನ್ನೇ ಹೊತ್ತಿಗೆ ಸರಿಯಾಗಿ ಒಳಬಿಟ್ಟುಕೊಳ್ಳಬೇಕು. ಆಗಲೇ ಕಾಯಿ, ಕಾಯಿಯಿಂದ ಬೇಳೆ. ತಟ್ಟೆಯಲ್ಲಿ ತೊಗರಿ ಬೇಳೆ ಬಿದ್ದಾಗ ಈ ಪುಟ್ಟ ಬಾಗಿಲುಗಳನ್ನೂ ನೆನೆಯಿರಿ.