ಪ್ರತಿಜ್ಞೆಯೊಳಗಿನ ಒಂದು ಪದ

(ಆಕಾಶವಾಣಿ ಭಾಷಣ)



ಬಲಗೈಯ ನಡುವಿನ ಮೂರು ಬೆರಳುಗಳನ್ನು ನೇರವಾಗಿ ಎತ್ತಿ, ಕಿರುಬೆರಳನ್ನು ಹೆಬ್ಬೆರಳಿನ ಕೆಳಗೆ ಅಡಗಿಸಿ, ಸ್ಕೌಟ್ ಹುಡುಗನೊಬ್ಬ ತನ್ನ ಬಾಳಿನ ಮೊಟ್ಟಮೊದಲ ಪ್ರತಿಜ್ಞೆಯನ್ನು ಮಾಡುವ ದೃಶ್ಯವನ್ನು ನೀವು ನೋಡಿರಬಹುದು. ಭದ್ರಾವತಿಯ ಶಾಲೆಯೊಂದರಲ್ಲಿ ಉಪಾಧ್ಯಾಯನೂ ಸ್ಕೌಟ್ ಮಾಸ್ತರನೂ ಆಗಿದ್ದ ನಾನು ಎರಡು ದಶಕಗಳಿಗೂ ಹೆಚ್ಚು ಕಾಲ ಆ ದೃಶ್ಯವನ್ನು ಎದುರಿಗೆ ನಿಂತು ನೋಡಿದವನು. ದೇವರಿಗೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯವನ್ನು ಸಲ್ಲಿಸಲು, ಇತರರಿಗೆ ನೆರವಾಗಲು, ಸ್ಕೌಟ್ ನಿಯಮವನ್ನು ಪಾಲಿಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆಂದು ಹುಡುಗ ತನ್ನ ಮಾನವನ್ನೇ ಒತ್ತೆಯಿಟ್ಟು ಹೇಳುತ್ತಾನೆ. ಒಂದೇ ವಾಕ್ಯ, ಅರ್ಧ ನಿಮಿಷದ ಮಾತು. ಆ ವಾಕ್ಯದೊಳಗಿನ ‘ದೇವರು’ ಎಂಬ ಒಂದು ಪದದ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದು 1993ರ ಸಂಗತಿ. ಭದ್ರಾವತಿ ಆಗ ಕಾರ್ಖಾನೆಯ ಸೈರನ್ ಕೇಳಿ ಏಳುತ್ತಿದ್ದ ಊರು. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಬ್ಬಿಣದ ಕಾರ್ಖಾನೆ ಬಂದಿತು. ಅದರ ಬೆನ್ನಿಗೆ ಕಾಗದದ ಕಾರ್ಖಾನೆಯೂ ಬಂದಿತು. ನಾಲ್ಕು ದಿಕ್ಕಿನ ಜನ ಬಂದು ಒಂದೇ ಸಾಲಿನ ಕ್ವಾರ್ಟರ್ಸುಗಳಲ್ಲಿ ನೆಲೆಸಿದರು. ನಮ್ಮ ದಳದ ಹುಡುಗರ ಮನೆಮಾತೂ ಹಾಗೆಯೇ ಕನ್ನಡ, ತಮಿಳು, ತೆಲುಗು, ಉರ್ದು ಎಂದು ಬೇರೆಬೇರೆಯಾಗಿತ್ತು. ಬೆಳಗಿನ ಪ್ರಾರ್ಥನೆಗೆ ನಿಂತರೆ ಒಬ್ಬನ ಹಣೆಯಲ್ಲಿ ವಿಭೂತಿ, ಇನ್ನೊಬ್ಬನ ಕೊರಳಲ್ಲಿ ಶಿಲುಬೆ. ಇಷ್ಟು ಜನರಿಗೂ ಸಾಲುವ ವಿಶಾಲವಾದ ಪದವೊಂದಿದ್ದರೆ ಅದು ‘ದೇವರು’ ಎಂದು ನಾನು ಹೆಮ್ಮೆಪಡುತ್ತಿದ್ದೆ. ಆ ಪದ ಒಪ್ಪದ ಹುಡುಗನೂ ಸಾಲಿನಲ್ಲಿ ನಿಂತಿರಬಹುದೆಂದು ನನಗೆ ಹೊಳೆದಿರಲಿಲ್ಲ.

ಅವನು ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ದುಡಿಯುತ್ತಿದ್ದವರ ಮಗ. ಪ್ರವೇಶದಿಂದ ಹಿಡಿದು ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಒಂದೊಂದಾಗಿ ಏರಿದ್ದ. ಕಣ್ಣುಮುಚ್ಚಿಯೂ ಗಂಟುಗಳನ್ನು ಹಾಕಬಲ್ಲವನಾಗಿದ್ದ. ಮುಂದೆ ಉಳಿದದ್ದು ರಾಜ್ಯ ಪುರಸ್ಕಾರ. ಅದರಾಚೆಗೆ, ಸ್ಕೌಟಿಗೆ ಎಲ್ಲಕ್ಕಿಂತ ಎತ್ತರದ ರಾಷ್ಟ್ರಪತಿ ಪುರಸ್ಕಾರ. ಶಿವಮೊಗ್ಗದಲ್ಲಿ ಸಿದ್ಧತಾ ಶಿಬಿರವಿತ್ತು. ಹೊರಡುವ ಹಿಂದಿನ ಸಂಜೆ ಅವನು ಶಾಲೆಯ ಜಗಲಿಯ ಮೇಲೆ ನನಗಾಗಿ ಕಾದಿದ್ದ.

“ಸಾರ್, ಶಿಬಿರದಲ್ಲಿ ಪ್ರತಿಜ್ಞೆ ಮತ್ತೆ ಹೇಳಬೇಕಾಗುತ್ತಾ?”

“ಹೇಳಲೇಬೇಕು. ಯಾಕೋ?”

“ದೇವರಿದ್ದಾನೆ ಅಂತ ನನಗೆ ಈಗ ಅನ್ನಿಸ್ತಿಲ್ಲ ಸಾರ್. ಚಿಕ್ಕವನಾಗಿದ್ದಾಗ ನಂಬಿದ್ದೆ, ಹೇಳಿದೆ. ಈಗ ಹೇಳಿದರೆ ಸುಳ್ಳಾಗುತ್ತೆ.”

ನಾನು ಸಿಟ್ಟಾಗಿದ್ದರೆ ಚೆನ್ನಾಗಿತ್ತೇನೋ. ನಾನು ನಕ್ಕೆ. “ಒಂದು ಪದ ತಾನೇ, ಹೇಳಿಬಿಡು. ನಿನ್ನ ಗಂಟೇನು ಹೋಗುತ್ತೆ?” ಎಂದೆ.

ಅವನು ತಲೆ ತಗ್ಗಿಸಿಯೇ ಕೇಳಿದ: “ಮೊದಲನೇ ನಿಯಮ ನೀವೇ ಕಲಿಸಿದ್ದಲ್ವಾ ಸಾರ್?”

ಸ್ಕೌಟು ನಂಬಿಕೆಗೆ ಅರ್ಹನು ಎಂಬುದೇ ಆ ಮೊದಲನೆಯ ನಿಯಮ. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಶಿವಮೊಗ್ಗದ ಬಸ್ಸು ಹೊರಟಾಗ ಅವನು ಬರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಸ್ಕಾರ್ಫನ್ನು ಗೆಳೆಯನ ಕೈಯಲ್ಲಿ ಕಳುಹಿಸಿದ್ದ.

ಶಿಬಿರ ಮುಗಿಸಿ ಬಂದ ವಾರದಲ್ಲಿ, ಬೇರೇನನ್ನೋ ಹುಡುಕುತ್ತ, ಕಪಾಟಿನಲ್ಲಿದ್ದ ಸಂಸ್ಥೆಯ ನಿಯಮಾವಳಿಯನ್ನು ತೆರೆದೆ. ಪ್ರತಿಜ್ಞೆಯ ಪಾಠದ ಕೆಳಗೆ ಒಂದು ಪುಟ್ಟ ಸೂಚನೆಯಿತ್ತು. ಇಷ್ಟಪಟ್ಟವರು ‘ದೇವರು’ ಎಂಬುದರ ಬದಲಾಗಿ ‘ಧರ್ಮ’ ಎಂಬ ಪದವನ್ನು ಬಳಸಬಹುದು! ವರ್ಷಗಟ್ಟಲೆ ನನ್ನ ಕಪಾಟಿನಲ್ಲಿಯೇ ಇದ್ದ ಪುಸ್ತಕ ಅದು. ಪ್ರತಿಜ್ಞೆ ಬಾಯಿಪಾಠವಾಗಿದ್ದುದರಿಂದ ಆ ಪುಟವನ್ನು ನಾನು ಎಂದೂ ತಿರುವಿರಲಿಲ್ಲ. ಅಂದೇ ಸಂಜೆ ಅವನ ಮನೆಗೆ ಹೋದೆ. ಅವನ ತಾಯಿ ಕಾಫಿ ಕೊಟ್ಟರು. ಅವನು ಎಲ್ಲವನ್ನೂ ಕೇಳಿ, “ಈಗ ಗೊತ್ತಾಯ್ತಲ್ಲ ಸಾರ್, ಮುಂದಿನವರಿಗೆ ಹೇಳಿ” ಎಂದಷ್ಟೇ ಹೇಳಿದ. ದಳಕ್ಕೆ ಮರಳಲಿಲ್ಲ.

ಈ ತೊಡಕು ಎಲ್ಲಿಂದ ಬಂತೆಂದು ಆಮೇಲೆ ನಾನು ಓದತೊಡಗಿದೆ. ಬೇಡನ್ ಪೊವೆಲ್ ಅವರು 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದರು. ಮರುವರ್ಷ ಅವರ ಪುಸ್ತಕ ಹೊರಬಂತು. ಅವರ ಪ್ರತಿಜ್ಞೆಯಲ್ಲಿ ದೇವರೂ ದೊರೆಯೂ ಜೊತೆಯಲ್ಲಿದ್ದರು. ಸ್ಕೌಟ್ ಚಳವಳಿ 1909ರಲ್ಲಿಯೇ ನಮ್ಮ ಬೆಂಗಳೂರಿಗೆ ಬಂದರೂ ಅದು ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ ಬಂದದ್ದು. ಭಾರತೀಯ ಮಕ್ಕಳಿಗೂ ಅದು ಬೇಕೆಂದು 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಅವರು ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸಂಸ್ಥೆಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ದೊರೆ ಹೋಗಿ ದೇಶ ಬಂತು. ದೇವರು ಉಳಿದರೂ ಪಕ್ಕದಲ್ಲಿ ಧರ್ಮಕ್ಕೂ ಒಂದು ಬಾಗಿಲು ತೆರೆಯಿತು. ಇದು ನಾಸ್ತಿಕರಿಗಷ್ಟೇ ಬೇಕಾದ ಬಾಗಿಲಲ್ಲ. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಜೈನರೂ ಬೌದ್ಧರೂ ಈ ನೆಲದ ಮಕ್ಕಳೇ ಅಲ್ಲವೇ?

ಎಲ್ಲ ದೇಶಗಳಲ್ಲಿ ಹೀಗಾಗಲಿಲ್ಲ. ಅಮೆರಿಕದ ಸ್ಕೌಟ್ ನಿಯಮಗಳು ಹನ್ನೆರಡು, ಕೊನೆಯದು ದೈವಭಕ್ತಿ. ಅಲ್ಲಿಯ ಅತ್ಯುನ್ನತ ಪದವಿಯಾದ ಈಗಲ್ ಸ್ಕೌಟ್ ಆಗಬೇಕಾದರೆ ದೇವರ ಕರ್ತವ್ಯದ ಆ ಪ್ರತಿಜ್ಞೆಗೆ ಬದ್ಧನಾಗಿರಲೇಬೇಕು. ದೇವರನ್ನು ಒಪ್ಪದ ಬಾಲಕನೊಬ್ಬನನ್ನು ಸೇರಿಸಿಕೊಳ್ಳದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. 1993ರಲ್ಲಿ, ನನ್ನ ಹುಡುಗ ಸ್ಕಾರ್ಫು ಹಿಂದಿರುಗಿಸಿದ ಅದೇ ವರ್ಷ, ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಸಂಸ್ಥೆಯ ಪರವಾಗಿ ತೀರ್ಪಿತ್ತಿತು. 2002ರಲ್ಲಿ, ಈಗಲ್ ಪದವಿಯನ್ನು ಗಳಿಸಿಯಾಗಿದ್ದ ಹತ್ತೊಂಬತ್ತರ ತರುಣನೊಬ್ಬ ತಾನು ನಾಸ್ತಿಕನೆಂದು ಹೇಳಿದ್ದಕ್ಕಾಗಿ ಹೊರಬೀಳಬೇಕಾಯಿತು. ಚಳವಳಿಯ ತವರಾದ ಬ್ರಿಟನ್ನಿನಲ್ಲಾದರೋ, ದೇವರ ಹೆಸರಿಲ್ಲದ ಪರ್ಯಾಯ ಪ್ರತಿಜ್ಞೆ 2014ರ ಜನವರಿಯಿಂದ ಜಾರಿಗೆ ಬಂತು.

ಒಂದು ಆಕ್ಷೇಪವನ್ನು ಇಲ್ಲಿ ಗೌರವದಿಂದ ಎದುರಿಸಬೇಕು. ‘ಸಂಸ್ಥೆಗೆ ತನ್ನದೇ ಶ್ರದ್ಧೆಯಿರಬಾರದೇ? ಒಪ್ಪದವರು ಸೇರದಿದ್ದರಾಯಿತು’ ಎನ್ನುವವರಿದ್ದಾರೆ. ಅವರ ಮಾತು ಪೊಳ್ಳಲ್ಲ. ನಾನೂ ಬೆಳಿಗ್ಗೆ ದೀಪ ಹಚ್ಚಿ ಕೈಮುಗಿಯುವವನೇ. ಆದರೆ ಶ್ರದ್ಧೆಯೆಂಬುದು ಪದಕಕ್ಕೆ ತೆರುವ ಬೆಲೆಯಾದರೆ ಅದು ಶ್ರದ್ಧೆಯಾಗಿ ಉಳಿಯುತ್ತದೆಯೇ? ನಂಬದವನ ಬಾಯಿಂದ ದೇವರ ಹೆಸರನ್ನು ಹೊರಡಿಸಿದರೆ ಸಂಸ್ಥೆಗೆ ಒಬ್ಬ ಭಕ್ತ ದೊರೆಯುವುದಿಲ್ಲ. ಒಬ್ಬ ಸತ್ಯವಂತ ಕೈತಪ್ಪುತ್ತಾನೆ. ಅದರಿಂದ ದೇವರ ಗೌರವವೂ ಹೆಚ್ಚುವುದಿಲ್ಲ. ದೇವರೇ ಸತ್ಯವೆನ್ನುತ್ತಿದ್ದ ಗಾಂಧೀಜಿಯವರು ಆ ಮಾತನ್ನು ತಿರುಗಿಸಿ, ಸತ್ಯವೇ ದೇವರೆಂದು 1931ರಲ್ಲಿ ಲೋಸಾನ್ ನಗರದಲ್ಲಿ ವಿವರಿಸಿದ್ದು ಇದೇ ಕಾರಣಕ್ಕೆ. ಸತ್ಯದ ಹೊಸಿಲಲ್ಲಿ ನಾಸ್ತಿಕನಿಗೂ ಜಾಗವಿದೆ.

ನಮ್ಮ ಸಂವಿಧಾನದ ವಿವೇಕವನ್ನು ನೋಡಿ. ಅದರ 60ನೆಯ ವಿಧಿಯಂತೆ ರಾಷ್ಟ್ರಪತಿಯಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಎರಡಕ್ಕೂ ತೂಕ ಒಂದೇ. ಗಣರಾಜ್ಯದ ಅತ್ಯುನ್ನತ ಪೀಠವನ್ನೇರುವವರಿಗೆ ಇರುವ ಸ್ವಾತಂತ್ರ್ಯ, ಆ ಪೀಠದ ಹೆಸರಿನ ಪುರಸ್ಕಾರವನ್ನು ಬಯಸುವ ಹದಿನಾಲ್ಕರ ಹುಡುಗನಿಗೆ ಇರಬೇಡವೇ? 1986ರಲ್ಲಿ, ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ತಮ್ಮ ನಂಬಿಕೆಯ ಕಾರಣ ಹಾಡಲಿಲ್ಲವೆಂಬ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಪಕ್ಷವನ್ನು ಎತ್ತಿಹಿಡಿಯಿತು. ಆ ಮಕ್ಕಳು ಅತಿಯಾಗಿ ನಂಬಿದವರು. ನನ್ನ ಹುಡುಗ ನಂಬದವನು. ಆದರೆ ಅಂತಃಸಾಕ್ಷಿಯೆಂಬುದು ಇಬ್ಬರಿಗೂ ಒಂದೇ.

ಇನ್ನು ‘ಧರ್ಮ’ ಎಂಬ ಪದ. ಇಂದು ಅರ್ಜಿಯ ನಮೂನೆಗಳಲ್ಲಿ ಧರ್ಮವೆಂದರೆ ಮತ, ಪಂಥ. ಆದ್ದರಿಂದ ಹುಡುಗನಿಗೆ ‘ದೇವರು ಬೇಡವಾದರೆ ಧರ್ಮ ಎನ್ನು’ ಎಂದರೆ, ‘ಯಾವ ಧರ್ಮ ಸಾರ್?’ ಎಂದು ಅವನು ಕೇಳಿಯಾನು. ಆದರೆ ನಮ್ಮ ಆಡುಮಾತು ಇನ್ನೂ ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಧರ್ಮಾಸ್ಪತ್ರೆಯಲ್ಲಿ ರೋಗಿಯ ಜಾತಿಯನ್ನು ಕೇಳುವುದಿಲ್ಲ. ಧರ್ಮಛತ್ರ ದಾರಿಹೋಕನದು. ‘ಇದು ನಿನಗೆ ಧರ್ಮವೇ?’ ಎಂದು ಹಳ್ಳಿಯ ಮುದುಕಿ ಕೇಳಿದರೆ ಅವಳು ಕೇಳುವುದು ನ್ಯಾಯವನ್ನು.

ಇನ್ನೂ ಹಳೆಯ ಸಾಕ್ಷಿ ಬೇಕೆಂದರೆ ಚಿತ್ರದುರ್ಗ ಜಿಲ್ಲೆಗೆ ಹೋಗಬೇಕು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವಿದೆ. ದೊರೆ ತನ್ನನ್ನು ದೇವರಿಗೆ ಪ್ರಿಯನಾದವನೆಂದೇ ಕರೆದುಕೊಂಡಿದ್ದಾನೆ, ನಿಜ. ಆದರೆ ಧರ್ಮದ ಗುಣಗಳಾವುವೆಂದು ಹೇಳುವಾಗ ಅವನು ಪೂಜೆಯನ್ನು ಹೇಳುವುದಿಲ್ಲ. ತಾಯಿತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ ಇವನ್ನು ಹೇಳುತ್ತಾನೆ. ಸ್ಕೌಟ್ ನಿಯಮಗಳ ಪಕ್ಕದಲ್ಲಿಟ್ಟು ಓದಿದರೆ, ಎರಡು ಸಾವಿರ ವರ್ಷಗಳಾಚೆಗೂ ಯಾರೋ ಇದೇ ಪಾಠವನ್ನು ಬಂಡೆಯ ಮೇಲೆ ಬರೆಸಿದ್ದರೆನ್ನಿಸುತ್ತದೆ.

ನನ್ನ ಕೋರಿಕೆ ಚಿಕ್ಕದು. ನಿಯಮವನ್ನು ಬದಲಿಸಿರೆಂದು ನಾನು ಕೇಳುತ್ತಿಲ್ಲ. ಇರುವ ನಿಯಮವನ್ನು ಮಕ್ಕಳಿಗೆ ಹೇಳಿರೆಂದು ಕೇಳುತ್ತಿದ್ದೇನೆ. ಹೇಳದೆ ಬಚ್ಚಿಟ್ಟ ಆಯ್ಕೆ ಆಯ್ಕೆಯೇ ಅಲ್ಲ. ಪ್ರತಿಜ್ಞೆ ಮಾಡಿಸುವ ಮುನ್ನ ಎರಡು ಪದಗಳನ್ನೂ ಇಡೀ ಸಾಲಿನ ಎದುರು ಹೇಳಬೇಕು. ಕೇಳಿದವನಿಗಷ್ಟೇ ಕಿವಿಯಲ್ಲಿ ಹೇಳಿದರೆ ಅವನೊಬ್ಬನೇ ಬೇರೆಯಾಗಿಬಿಡುತ್ತಾನೆ. 1993ರ ನಂತರ ನಾನು ಹಾಗೆಯೇ ಮಾಡಿದೆ. ಬಹುತೇಕ ಹುಡುಗರು ‘ದೇವರು’ ಎಂದೇ ಹೇಳಿದರು, ಆದರೆ ಕೇಳಿಸಿಕೊಂಡು ಹೇಳಿದರು. ಆಗೊಮ್ಮೆ ಈಗೊಮ್ಮೆ ಒಬ್ಬ ‘ಧರ್ಮ’ ಎನ್ನುತ್ತಿದ್ದ. ಸಾಲು ಕದಲಲಿಲ್ಲ, ಬಾವುಟ ಬಾಗಲಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನರೆಗೂದಲಿನ ಗೃಹಸ್ಥರೊಬ್ಬರು ನನ್ನೆದುರು ಬಂದು ನಿಂತರು. ಗುರುತು ಹಿಡಿಯಲು ಕ್ಷಣಕಾಲ ಬೇಕಾಯಿತು. “ಮುಂದಿನವರಿಗೆ ಹೇಳಿದಿರಾ ಸಾರ್?” ಎಂದರು. “ಹೇಳಿದೆನಪ್ಪ” ಎಂದೆ. ಅವನು ಎಡಗೈ ಚಾಚಿದ. ನಮ್ಮಲ್ಲಿ ಯಾರೂ ಎಡಗೈ ನೀಡುವುದಿಲ್ಲ. ಸ್ಕೌಟುಗಳು ಮಾತ್ರ ಪರಸ್ಪರ ಎಡಗೈಯನ್ನೇ ಕುಲುಕುತ್ತಾರೆ.