ಧಾರಾವಾಹಿಯ ಸೊಸೆ, ನಮ್ಮ ಮನೆಯ ಮಗಳು

(ಗಿಲ್ಲೆಸುಗೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಟಿ.ವಿ. ಧಾರಾವಾಹಿಯಿಂದಲೇ ಶುರು ಮಾಡುತ್ತೇನೆ. ನಗಬೇಡಿ, ನಾನೂ ತಪ್ಪದೆ ನೋಡುವವಳೇ. ಹೊಲದಿಂದ ಬಂದು, ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಲು ಇಟ್ಟ ಮೇಲೆ ನಮ್ಮದು ಅಂತ ಉಳಿಯುವುದು ಆ ಅರ್ಧ ತಾಸು. ಅದನ್ನು ಬಿಡಿ ಎಂದು ಹೇಳಲು ನಾನು ಬಂದಿಲ್ಲ. ನೋಡುವಾಗ ನಾವು ಯಾರಿಗೆ ಬೈಯುತ್ತೇವೆ, ಯಾರಿಗಾಗಿ ಅಳುತ್ತೇವೆ, ಯಾವುದನ್ನು 'ಇರಲಿ ಬಿಡು' ಅನ್ನುತ್ತೇವೆ ಎಂಬುದನ್ನು ಇವತ್ತು ಕೂಡಿ ಯೋಚಿಸೋಣ.

2021ರ ಡಿಸೆಂಬರ್‌ನಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾದಾಗ ನಮ್ಮ ಓಣಿಯ ಹೆಂಗಸರೆಲ್ಲ ಅದಕ್ಕೆ ಅಂಟಿಕೊಂಡೆವು. ಉಮಾಶ್ರೀಯವರು ಪುಟ್ಟಕ್ಕ ಆಗಿದ್ದರು. ಮೂರೂ ಹೆಣ್ಣೇ ಹುಟ್ಟಿದವೆಂದು ಗಂಡ ಕೈಬಿಟ್ಟು ಇನ್ನೊಬ್ಬಳನ್ನು ಕಟ್ಟಿಕೊಂಡ. ಈಕೆ ಊಟದ ಮೆಸ್ ನಡೆಸಿ ಮಕ್ಕಳನ್ನು ಸಾಕಿದಳು. ನಮಗೆ ಅದು ಕಥೆ ಅನ್ನಿಸಲಿಲ್ಲ. ಗಂಡ ಬಿಟ್ಟು ಹೋದ ಮೇಲೆ ಕೂಲಿ ಮಾಡಿ ಮಕ್ಕಳನ್ನು ಓದಿಸಿದವರು ನಮ್ಮ ಸಂಘಗಳಲ್ಲೇ ಇದ್ದಾರೆ. ಆದರೆ ನಾವು ಬೈದದ್ದು ಯಾರನ್ನು? ಬಿಟ್ಟು ಹೋದ ಗಂಡನನ್ನಲ್ಲ, ಅವನ ಎರಡನೇ ಹೆಂಡತಿಯನ್ನು. ಅವಳು ತೆರೆಯ ಮೇಲೆ ಬಂದರೆ ಸಾಕು, ಶಾಪ ಹಾಕುತ್ತಿದ್ದೆವು. ಗಂಡನಿಗೆ ಮಾತ್ರ "ಪಾಪ, ಅವನ ಬುದ್ಧಿ ಕೆಟ್ಟಿತ್ತು" ಎಂದು ರಿಯಾಯಿತಿ ಕೊಟ್ಟೆವು. ನಮ್ಮ ಊರ ಪಂಚಾಯ್ತಿ ಕಟ್ಟೆಯಲ್ಲೂ ಹೀಗೇ ಅಲ್ಲವೇ ನ್ಯಾಯ ನಡೆಯುವುದು?

ಬಹಳಷ್ಟು ಧಾರಾವಾಹಿಗಳಲ್ಲಿ ಕೆಟ್ಟವಳು ಹೆಂಗಸೇ. ಅತ್ತೆ, ಇಲ್ಲವೆ ನಾದಿನಿ, ಇಲ್ಲವೆ ಇನ್ನೊಬ್ಬಳು. ಹೆಣ್ಣಿಗೆ ಹೆಣ್ಣೇ ವೈರಿ ಎಂಬ ಮಾತು ದಿನಾ ನಮ್ಮ ಕಿವಿಗೆ ಬೀಳುತ್ತದೆ. ಅದಕ್ಕೇ 2022ರಲ್ಲಿ ಬಂದ 'ಭಾಗ್ಯಲಕ್ಷ್ಮಿ' ನನಗೆ ಹಿಡಿಸಿತು. ಅದರಲ್ಲಿ ಅತ್ತೆ ಕುಸುಮ ಮಗನ ಪಕ್ಷ ವಹಿಸಲಿಲ್ಲ, ಸೊಸೆಯ ಬೆನ್ನಿಗೆ ನಿಂತಳು. ಮಕ್ಕಳ ತಾಯಿಯಾದ ಭಾಗ್ಯ ಹತ್ತನೇ ತರಗತಿ ಓದಲು ಮತ್ತೆ ಶಾಲೆಗೆ ಹೋದಳು. ನೋಡುತ್ತಾ ನಮ್ಮ ಪಕ್ಕದ ಮನೆಯ ಮುದುಕಿ, "ಇಂಥ ಅತ್ತಿ ನನಗ ಸಿಕ್ಕಿದ್ರ ನಾನೂ ನಾಕು ಅಕ್ಷರ ಕಲೀತಿದ್ದೆ" ಅಂದಳು. ಆಕೆಗೂ ಸೊಸೆ ಇದ್ದಾಳೆ. ಆ ಮಾತು ಹೇಳಿದ ಮೇಲೆ ಆಕೆ ಸೊಸೆಯ ಕಡೆ ಒಮ್ಮೆ ನೋಡಿದ್ದನ್ನು ನಾನು ಮರೆತಿಲ್ಲ.

ಈಗ ನನ್ನ ತಪ್ಪಿನ ಮಾತು. 2024ರಲ್ಲಿ 'ಲಕ್ಷ್ಮೀ ನಿವಾಸ' ಶುರುವಾಯಿತು. ಅದರಲ್ಲಿ ಜಯಂತ ಎಂಬ ಗಂಡ ಹೆಂಡತಿ ಜಾಹ್ನವಿಯನ್ನು 'ಚಿನ್ನುಮರಿ' ಎಂದೇ ಕರೆಯುತ್ತಾನೆ. ದೊಡ್ಡ ಮನೆ, ಕೈತುಂಬ ದುಡ್ಡು. "ಎಷ್ಟು ಪ್ರೀತಿ ಮಾಡ್ತಾನ ನೋಡ್ರಿ, ಇಂಥವ ಸಿಗಬೇಕಂದ್ರ ಪುಣ್ಯ ಬೇಕು" ಎಂದು ಮೊದಮೊದಲು ನಾನೇ ಹೇಳಿದ್ದೆ. ಆಮೇಲೆ ಗೊತ್ತಾಯಿತು, ಅವನು ಮನೆಯಲ್ಲಿ ಕದ್ದು ಕ್ಯಾಮೆರಾ ಇಟ್ಟು ಹೆಂಡತಿಯನ್ನು ಕಾಯುತ್ತಿದ್ದಾನೆ, ಆಕೆ ಯಾರ ಜೊತೆ ನಕ್ಕರೂ ಅವನಿಗೆ ಅನುಮಾನ.

ಅದೇ ದಿನಗಳಲ್ಲಿ ನನ್ನ ಅಕ್ಕನ ಮಗಳು ಗಂಡನ ಊರಿಂದ ಫೋನ್ ಮಾಡಿದಳು. "ಚಿಗವ್ವ, ಯಾರ ಕೂಡ ಮಾತಾಡಿದಿ ಅಂತ ದಿನಾ ಫೋನ್ ಕಸಗೊಂಡು ನೋಡ್ತಾನ. ಸಂಘಕ್ಕ ಹೋಗಬ್ಯಾಡ ಅಂತಾನ." ನಾನು ಏನು ಹೇಳಿದೆ ಗೊತ್ತೆ? "ನಿನ್ನ ಮ್ಯಾಲ ಅಷ್ಟು ಜೀವ ಅದ ಅವಗ. ಹೊಂದಿಕೊಂಡು ಹೋಗವ್ವ." ನಾಲ್ಕು ತಿಂಗಳಿಗೆ ಆಕೆ ತವರಿಗೆ ಬಂದಳು. ತೋಳಿನ ಮೇಲೆ ಬಾಸುಂಡೆ ಇದ್ದವು. ಮದುವೆಯಲ್ಲಿ ಬಾಕಿ ಉಳಿದ ಎರಡು ತೊಲೆ ಬಂಗಾರದ ಮಾತೂ ಹೊರಗೆ ಬಂತು. ತೆರೆಯ ಮೇಲೆ ಯಾವುದನ್ನು ಪ್ರೀತಿ ಎಂದು ತಿಳಿದೆನೋ, ಅದನ್ನೇ ಮಗಳಿಗೂ ಪ್ರೀತಿ ಎಂದು ಹೇಳಿ ಕಳಿಸಿದ್ದೆ.

ಇನ್ನೊಂದು ಮಾತು. ಧಾರಾವಾಹಿಯ ಸೊಸೆ ಎಷ್ಟೊಂದು ಸಹಿಸುತ್ತಾಳೆ! ಆಕೆ ಮೊದಲ ಏಟಿಗೇ ಎದ್ದು ಹೋದರೆ ಕಥೆ ಮುಗಿಯುತ್ತದೆ, ಜಾಹೀರಾತೂ ನಿಲ್ಲುತ್ತದೆ. ಆಕೆಯ ತಾಳ್ಮೆಯಿಂದ ಅವರಿಗೆ ಸಂಪಾದನೆ. ನಮ್ಮ ತಾಳ್ಮೆಯಿಂದ ನಮಗೆ ಏನು ಸಂಪಾದನೆ? ತೆರೆಯ ಮೇಲೆ ಕೊನೆಗೆ ಗಂಡನ ಮನಸ್ಸು ಬದಲಾಗುವ ಕಂತು ಬರಬಹುದು. ನಮ್ಮ ಮನೆಯಲ್ಲಿ ಆ ಕಂತನ್ನು ಬರೆಯುವವರು ಯಾರೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 100 ಹೆಂಗಸರಲ್ಲಿ ಸುಮಾರು 44 ಮಂದಿ ಗಂಡನಿಂದ ಹಿಂಸೆ ಕಂಡವರು.

ಮದುವೆಯ ಕಂತುಗಳನ್ನೂ ನೋಡಿ. ವಾರಗಟ್ಟಲೆ ರೇಷ್ಮೆ ಸೀರೆ, ಬಂಗಾರ, ಹೂವಿನ ಮಂಟಪ. ಹುಡುಗ ಸಿರಿವಂತ, ಆದ್ದರಿಂದ ವರದಕ್ಷಿಣೆಯ ಮಾತೇ ಬರುವುದಿಲ್ಲ. ಖರ್ಚು ಯಾರದು ಎಂದೂ ತೋರಿಸುವುದಿಲ್ಲ. ಈಗ ನಮ್ಮ ಊರುಗಳಲ್ಲೂ ಅರಿಶಿನದ ದಿನ ಎಲ್ಲರಿಗೂ ಹಳದಿ ಬಟ್ಟೆ ಆಗಬೇಕು, ಫೋಟೋ ತೆಗೆಯುವವನು ಬೇರೆ ಬೇಕು. ನಾನು ಸಂಘದ ಲೆಕ್ಕ ಬರೆಯುವವಳು. 'ಮಗಳ ಮದುವೆ' ಎಂದು ಬರೆದ ಸಾಲ ಎಷ್ಟಿದೆ ಎಂದು ನನಗೆ ಗೊತ್ತು. ವರೋಪಚಾರ ಎಂದು ಹೆಸರು ಬದಲಿಸಿದರೂ ಅದು ವರದಕ್ಷಿಣೆಯೇ. 1961ರ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವುದು ಅಪರಾಧ, ಕೊಡುವುದೂ ಅಪರಾಧ.

ಧಾರಾವಾಹಿಯಲ್ಲಿ ಅಪರೂಪಕ್ಕೂ ಹೇಳದ ಸಂಗತಿಗಳನ್ನು ನಾವು ತಿಳಿದಿರಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ಮಾತ್ರ ದೌರ್ಜನ್ಯವಲ್ಲ. ಬೈದು ಅವಮಾನಿಸುವುದು, ಖರ್ಚಿಗೆ ಹಣ ಕೊಡದಿರುವುದು ಕೂಡ ದೌರ್ಜನ್ಯ. ದೂರಿನ ನಮೂನೆಯಲ್ಲಿ 'ಮನೆಯಿಂದ ಹೊರಗೆ ಬಿಡದಿರುವುದು', 'ಯಾರನ್ನಾದರೂ ಭೇಟಿಯಾಗದಂತೆ ತಡೆಯುವುದು' ಎಂದೇ ಇದೆ. ಜಯಂತನ ಪ್ರೀತಿ ಆ ನಮೂನೆಯಲ್ಲಿ ದೌರ್ಜನ್ಯ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ಹೆಂಡತಿಗೆ ಇದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ಸಹಾಯಕ್ಕೆ 181, ತುರ್ತಿಗೆ 112.

ನಮ್ಮ ಹುಡುಗಿ ಅಲ್ಲಿಗೆ ಹೋಗಿ ದೂರು ಕೊಟ್ಟಳು. ಸಂಘದ ಐದು ಮಂದಿ ಜೊತೆಗೆ ಹೋದೆವು. ಪ್ರಕರಣ ಇನ್ನೂ ನಡೆಯುತ್ತಿದೆ. ಆಕೆ ಈಗ ತವರಿನಲ್ಲಿದ್ದು ಹೊಲಿಗೆ ಮಾಡುತ್ತಾಳೆ.

ಕೊನೆಗೆ ಒಂದು ಕೋರಿಕೆ. ವಾರದ ಸಭೆಯಲ್ಲಿ ಉಳಿತಾಯ ಬರೆಸಿದ ಮೇಲೆ ಹತ್ತು ನಿಮಿಷ ಧಾರಾವಾಹಿಯ ಬಗ್ಗೆ ಮಾತಾಡಿ. ತನ್ನ ಮನೆಯ ಮಾತು ಹೇಳಲು ಬಾಯಿ ಬಾರದವಳಿಗೂ ಜಾಹ್ನವಿಯ ಮಾತು ಹೇಳಲು ಬರುತ್ತದೆ. ಆಕೆ ಹೇಳುತ್ತಾ ಹೇಳುತ್ತಾ ನಡುವೆ ಸುಮ್ಮನಾದರೆ, ಅವಸರ ಮಾಡಬೇಡಿ. ಸಭೆ ಮುಗಿದ ಮೇಲೆ ಆಕೆಯ ಜೊತೆ ಮನೆಯವರೆಗೆ ನಡೆದು ಹೋಗಿ.